ರಿಸರ್ವ್ ಚಾಲಕನ ನಿದ್ದೆ

ಆಂಬುಲೆನ್ಸಿನ ಮುಂದಿನ ಬಂಪರಿನಲ್ಲಿ ತೊಗರಿ ಗಿಡ ಸಿಕ್ಕಿಕೊಂಡಿತ್ತು. ಒಂದೆರಡು ಎಲೆಯಲ್ಲ, ಬೇರುಸಮೇತ ಕಿತ್ತು ಬಂದ ಗಿಡಗಳು, ಕಾಯಿ ಇನ್ನೂ ಹಸಿರು. ಅದು ಮುದ್ದೇಬಿಹಾಳದ ಗಾಡಿ. ರೋಗಿಯನ್ನು ವಿಜಯಪುರದ ಆಸ್ಪತ್ರೆಗೆ ಬಿಟ್ಟು ಮರಳಿ ಹೊರಟಿದ್ದು, ದಾರಿಯಲ್ಲಿ ಬಸವನ ಬಾಗೇವಾಡಿಯ ನಮ್ಮ ಕಚೇರಿಯ ಮುಂದೆ ನಿಂತಿತ್ತು. ಚಾಲಕ ನಲ್ಲಿಯ ಕೆಳಗೆ ತಲೆಯೊಡ್ಡಿ ಮುಖಕ್ಕೆ ನೀರು ಸುರಿದುಕೊಳ್ಳುತ್ತಿದ್ದ.

"ಏನಪಾ ಇದು?" ಎಂದೆ.

"ನಾಯಿ ಅಡ್ಡ ಬಂತ್ರಿ ಅಕ್ಕಾರ. ತಪ್ಸಾಕ ಹೋದೆ."

"ನಾಯಿ ರಸ್ತೆದಾಗಿತ್ತೋ, ಹೊಲದಾಗಿತ್ತೋ?"

ಅವನು ಮತ್ತೆ ನಲ್ಲಿಯ ಕೆಳಗೆ ತಲೆಯೊಡ್ಡಿದ. ಗಾಡಿಯ ಹಿಂಭಾಗದಲ್ಲಿ ರೋಗಿಯ ಜೊತೆ ಕೂರುವ ನರ್ಸ್ ಆಚೆ ಮುಖ ಮಾಡಿ ನಿಂತಿದ್ದಳು. ಅವಳ ಮೊಣಕೈ ತರಚಿತ್ತು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನಾಲ್ಕು ತಾಲ್ಲೂಕಿನ ಚಾಲಕರೂ ಬಲ್ಲರು. ಆದರೆ ಅವನ ಕಣ್ಣು ನೋಡಿದ ಮೇಲೆ ಬೈಯಲು ಬಾಯಿ ಬರಲಿಲ್ಲ. ಕೆಂಡದ ಹಾಗೆ ಕೆಂಪಗಿದ್ದವು.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕು ಊರಿನ ಆಂಬುಲೆನ್ಸುಗಳ ಮೇಲ್ವಿಚಾರಣೆ ನನ್ನದು. ಯಾವ ಗಾಡಿಗೆ ಯಾವ ಚಾಲಕ, ಯಾರಿಗೆ ಯಾವತ್ತು ವಾರದ ರಜೆ ಎಂದು, ಎಲ್ಲ ಪಾಳಿಯನ್ನೂ ನಾನೇ ಹಾಕುತ್ತೇನೆ. ಪಾಳಿ ಎಂದರೆ ಹನ್ನೆರಡು ಗಂಟೆ. ಪ್ರತಿ ಊರಿಗೂ ಹಗಲಿಗೊಬ್ಬ, ರಾತ್ರಿಗೊಬ್ಬ ಚಾಲಕನಿದ್ದಾನೆ. ಇವರಲ್ಲಿ ಯಾರಿಗಾದರೂ ಜ್ವರ ಬಂದರೆ, ಮದುವೆಗೆ ಹೋದವನು ಹೊತ್ತಿಗೆ ಮರಳದಿದ್ದರೆ, ಆ ಜಾಗ ತುಂಬುವವನು ರಿಸರ್ವ್ ಚಾಲಕ. ಆಗ ನಾಲ್ಕೂ ಊರಿಗೆ ಸೇರಿ ಒಬ್ಬನೇ ರಿಸರ್ವ್ ಇದ್ದ. ತೊಗರಿ ಹೊಲಕ್ಕೆ ಗಾಡಿ ಇಳಿಸಿದವನು ಅವನೇ.

ಅವನದು ಸಿಂದಗಿ. ಫೋನು ಬಂತೆಂದರೆ ಬ್ಯಾಗು ಹೆಗಲಿಗೇರಿಸಿ ಕರೆದ ಊರಿನ ಬಸ್ಸು ಹತ್ತಬೇಕು. ಬರದಿದ್ದರೆ ಬರುವ ತನಕ ಸಿದ್ಧನಾಗಿ ಕೂತಿರಬೇಕು. ಹಾಗೆ ಕಾದ ಹೊತ್ತಿಗೆ ಬೆಲೆಯಿಲ್ಲ, ಬಸ್ಸಿನಲ್ಲಿ ಕುಲುಕಾಡಿದ ಹೊತ್ತಿಗೂ ಇಲ್ಲ. ಕೀಲಿ ಕೈಗೆ ಬಂದ ಮೇಲಷ್ಟೇ ದುಡಿಮೆ ಶುರು ಎಂಬುದು ನಮ್ಮ ಸಂಸ್ಥೆಯ ಪದ್ಧತಿಯಾಗಿತ್ತು. ಪರವೂರಿನಲ್ಲಿ ಮಲಗಲು ಅವನಿಗೆ ಕೋಣೆಯೂ ಇರಲಿಲ್ಲ. ಅದಕ್ಕೆ ಕಚೇರಿಯಲ್ಲಿ ಹಿಂದಿನಿಂದ ಒಂದು ರೂಢಿ ನಡೆದು ಬಂದಿತ್ತು: ಆದಷ್ಟೂ ಅವನ ಬೀಗರಿರುವ ಊರಿಗೇ ಹಾಕುವುದು. ಬಿಸಿ ಊಟ, ಮೆತ್ತನೆ ಹಾಸಿಗೆ, ಇನ್ನೇನು ಬೇಕು? ಹೆಂಡತಿಯ ತವರು ಮುದ್ದೇಬಿಹಾಳವಾದ್ದರಿಂದ ಅವನನ್ನು ಹೆಚ್ಚಾಗಿ ಅಲ್ಲಿಗೇ ಕಳಿಸುತ್ತಿದ್ದೆವು. ಅವನಿಗೆ ಉಪಕಾರ ಮಾಡುತ್ತಿದ್ದೇವೆ ಎಂದೇ ಎಲ್ಲರ ಭಾವನೆ.

"ನಿನ್ನೆ ಎಷ್ಟೊತ್ತು ಮಲಗಿದ್ದಿ?" ಎಂದು ಕೇಳಿದೆ.

ಅವನು ಟವೆಲ್ಲಿನಿಂದ ಮುಖ ಒರೆಸುತ್ತ ನೆಲ ನೋಡಿದ. "ನಿನ್ನೆ ಮುಂಜಾನಿ ರಾತ್ರಿಪಾಳಿ ಮುಗಿಸಿ ಅತ್ತಿ ಮನಿಗಿ ಹೋದೆ ರಿ. ಹೋದ ಕೂಡ್ಲೆ ಊಟ. ಉಂಡು ಏಳೂದ್ರಾಗ ಮಾವ ಹೊಸಾ ಬೋರ್ ನೋಡಬರ್ರಿ ಅಂತ ಹೊಲಕ್ಕ ಕರಕೊಂಡು ಹೋದ್ರು. ಹೊಳ್ಳಿ ಬಂದ್ರ ಪಡಸಾಲಿ ತುಂಬ ಓಣಿ ಮಂದಿ. ಸಂಜಿಗೆ ಹೋಳಿಗಿ. ಆಮ್ಯಾಲ ದೊಡ್ಡಮಾವನ ಮನ್ಯಾಗ ಮತ್ತ ಊಟ. ಅಲ್ಲೆ ಕುಂತಾಗ ಕಂಟ್ರೋಲ್ ರೂಮಿನವ್ರು ಫೋನ್ ಮಾಡಿ, ರಾತ್ರಿ ಡ್ರೈವರ್ ಬರೂದು ಡೌಟ್ ಐತಿ, ತಯಾರಾಗಿ ಕುಂದ್ರು ಅಂದ್ರು. ಬೆಳತನಕ ಕುಂತೆ. ಅವ ಬಂದೇ ಬಿಟ್ಟಿದ್ದ, ನನಗ ಯಾರೂ ಹೇಳಲಿಲ್ಲ. ಮುಂಜಾನಿಂದ ನಂದು ಹಗಲಪಾಳಿ ಚಾಲೂ ಆತು."

ನಮ್ಮ ಪಾಳಿ ಪಟ್ಟಿಯ ಪ್ರಕಾರ ಅವನಿಗೆ ಒಂದು ಇಡೀ ಹಗಲು, ಒಂದು ಇಡೀ ರಾತ್ರಿ ವಿಶ್ರಾಂತಿ ಸಿಕ್ಕಿತ್ತು.

"ಅಲ್ಲಪಾ, ನಾ ಮಲಗ್ತೇನಿ ಅಂತ ಅನ್ನಾಕ ಬಾಯಿರಲಿಲ್ಲೇನು ನಿನಗ?"

"ಅತ್ತಿ ಮನ್ಯಾಗ ಹಗಲಾಗ ಮುಸುಕು ಹಾಕ್ಕೊಂಡ್ರ ಮಂದಿ ಏನಂತಾರ್ರಿ? ಅಳಿಯಾಗ ಏನೋ ಸಿಟ್ಟು ಬಂದೈತಿ, ಉಪಚಾರ ಕಡಿಮಿ ಆಗೈತಿ ಅಂತಾರ. ನಮ್ಮತ್ತಿ ಕಣ್ಣಾಗ ನೀರು ತರ್ತಾಳ."

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅಷ್ಟರಲ್ಲಿ ನರ್ಸ್ ಈ ಕಡೆ ತಿರುಗಿದಳು. "ಪೇಷಂಟ್ ಇಳಿಸಿ ಬರಾಕತ್ತಿದ್ವಿ, ಪುಣ್ಯಾ ರಿ ಮೇಡಂ. ಸ್ಟ್ರೆಚರ್ ಮ್ಯಾಲ ಯಾರರ ಇದ್ದಿದ್ರ..." ಎಂದು ತರಚಿದ ಮೊಣಕೈ ಮುಟ್ಟಿಕೊಂಡಳು.

ರಸ್ತೆ ಬಿಟ್ಟು ಇಳಿದ ಗಾಡಿಯ ಚಾಲಕನನ್ನು ಸಂಸ್ಥೆ ಕೆಲಸದಲ್ಲಿ ಇಟ್ಟುಕೊಳ್ಳುತ್ತಿರಲಿಲ್ಲ. ಅವನ ಹೆಂಡತಿ ಕುಬಸ ಮುಗಿಸಿಕೊಂಡು, ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದು ಕೂತಿದ್ದಳು. "ನಾಯಿ ಅಂತ ಬರೀರಿ ಅಕ್ಕಾರ, ನಿಮ್ಮ ಕಾಲಿಗಿ ಬೀಳ್ತೇನಿ," ಎಂದ. ಬರೆದರೆ ಅವನ ಕೆಲಸ ಉಳಿಯುತ್ತಿತ್ತು. ಆದರೆ ನಾಯಿ ಎಂದು ಬರೆದ ಕೂಡಲೆ ನಿದ್ದೆ ಎಂಬ ಮಾತು ಮತ್ತೆ ಹೂತುಹೋಗುತ್ತದೆ, ಇನ್ನೊಂದು ದಿನ ಇನ್ನೊಬ್ಬ ಚಾಲಕ ರೋಗಿ ಸಮೇತ ಹೊಲಕ್ಕೆ ಇಳಿಯುತ್ತಾನೆ. ನಿದ್ದೆ ಎಂದೇ ಬರೆಯುತ್ತೇನೆ, ನಿನ್ನ ಕೆಲಸವನ್ನೂ ಉಳಿಸುತ್ತೇನೆ ಎಂದುಬಿಟ್ಟೆ. ಹ್ಯಾಗೆ ಉಳಿಸುವುದು ಎಂದು ನನಗೆ ಎಳ್ಳಷ್ಟೂ ಗೊತ್ತಿರಲಿಲ್ಲ. ಕೀಲಿ ಕಸಿದುಕೊಂಡು, ಹಿಂದಿನ ಕೋಣೆಯಲ್ಲಿದ್ದ ಬರಿ ಕಬ್ಬಿಣದ ಮಂಚ ತೋರಿಸಿದೆ. ನಿದ್ರೆ ಸುಖ ಅರಿಯದು ಎನ್ನುತ್ತಾರಲ್ಲ, ಹಾಸಿಗೆ ತರುವಷ್ಟರಲ್ಲಿ ಗೊರಕೆ ಕೇಳಿಸಿತು.

ವರದಿ ಕಳಿಸಿದ ಮೇಲೆ ಜಿಲ್ಲಾ ವ್ಯವಸ್ಥಾಪಕರು ಸೋಮವಾರ ವಿಜಯಪುರಕ್ಕೆ ಬಂದು ಭೇಟಿಯಾಗಲು ಹೇಳಿದರು. ಭಾನುವಾರ ನನಗೆ ಇಂಡಿಯಲ್ಲಿ ಕೆಲಸವಿತ್ತು. ಅದನ್ನು ಮುಗಿಸಿ ಚಿಗವ್ವನ ಮನೆಗೆ ಹೋದೆ. ಅವರದು ಲಿಂಬೆಹಣ್ಣಿನ ವ್ಯಾಪಾರ. ಮಗಳು ವಿಮಾನದ ಪೈಲಟ್, ಹೈದರಾಬಾದಿನಲ್ಲಿರುತ್ತಾಳೆ, ಎರಡು ದಿನದ ಬಿಡುವಿಗೆ ಊರಿಗೆ ಬಂದಿದ್ದಳು. ಅವಳನ್ನು ನೋಡಲು ಬಂದ ಓಣಿಯ ಹೆಂಗಸರಿಗೆ ಚಿಗವ್ವ "ತಲಿನೋವಂತ, ಮಲಗ್ಯಾಳ" ಎಂದು ಸುಳ್ಳು ಹೇಳುತ್ತಿದ್ದಳು. ನಡುಮಧ್ಯಾಹ್ನ, ಕೋಣೆಯ ಕಿಟಕಿಗೆ ಕರಿ ಕಂಬಳಿ ಇಳಿಬಿಟ್ಟಿತ್ತು. ಚಿಂತೆ ಇಲ್ಲದವರಿಗೆ ಸಂತೆಯಲ್ಲೂ ನಿದ್ದೆ ಎಂದು ನಾನೂ ಗೇಲಿ ಮಾಡಿದೆ.

ಬಿಸಿಲು ಇಳಿದ ಮೇಲೆ ಎದ್ದು ಬಂದಳು. ನಾಡಿದ್ದಿನಿಂದ ಅವಳಿಗೆ ಸ್ಟ್ಯಾಂಡ್‌ಬೈಯಂತೆ. ಯಾವುದಾದರೂ ವಿಮಾನದ ಪೈಲಟ್ ಬರದಿದ್ದರೆ ಆ ಜಾಗಕ್ಕೆ ಇವಳು. ಫೋನು ನಸುಕಿಗೆ ಬರಬಹುದು, ಬರದೆಯೂ ಇರಬಹುದು.

"ಹಂಗಾರ ನೀನೂ ನಮ್ಮ ರಿಸರ್ವ್ ಡ್ರೈವರ್ ಇದ್ದಾಂಗ ಆತು," ಎಂದೆ. ಆಮೇಲೆ ತೊಗರಿ ಹೊಲದ ಕಥೆ ಹೇಳಿದೆ.

ಅವಳು ನಗಲಿಲ್ಲ. ತಮ್ಮ ನಿಯಮಗಳನ್ನು ಒಂದೊಂದಾಗಿ ಬಿಡಿಸಿ ಹೇಳಿದಳು. ವಿಮಾನ ನಿಲ್ದಾಣದಲ್ಲಿ ಕಾದು ಕೂತರೆ ಅಷ್ಟೂ ಹೊತ್ತು ದುಡಿಮೆಯೇ. ಮನೆಯಲ್ಲಿ ಕಾದರೂ ಅದರ ಒಂದು ಪಾಲು ದುಡಿಮೆಗೆ ಸೇರುತ್ತದೆ. ಕಾದದ್ದು, ಹಾರಿಸಿದ್ದು ಎರಡೂ ಸೇರಿ ಇಷ್ಟೇ ಎಂಬ ಮಿತಿ ಇದೆ. ಒಂದು ಸಲವೂ ಕರೆಯದಿದ್ದರೂ, ಕಾಯುವುದು ಮುಗಿದ ಮೇಲೆ ವಿಶ್ರಾಂತಿ ಕೊಡಲೇಬೇಕು. ಇಷ್ಟಾಗಿಯೂ ಮೈ ದಣಿದಿದ್ದರೆ, ಹಾರಿಸಲಾರೆ ಎಂದು ಹೇಳುವುದು ಪೈಲಟ್ಟಿನದೇ ಹೊಣೆ.

"ದಣದೀನಿ ಅಂದ್ರ ಮ್ಯಾಲಿನವ್ರು ಬೈಯೂದಿಲ್ಲೇನು?"

"ಮಾರಿ ಸಣ್ಣದು ಮಾಡ್ತಾರ ಅಕ್ಕಾ. ಖರೆ, ಆದ್ರೂ ಹಾರ್ಸು ಅನ್ನಾಂಗಿಲ್ಲ." ಚಹಾದ ಬಟ್ಟಲು ಕೆಳಗಿಟ್ಟು ಮುಂದುವರಿದಳು. "ಆದ್ರ ಒಂದು ತಿಳ್ಕೊ. ನಿಯಮ ಬಿಡುವು ಕೊಡತೈತಿ, ನಿದ್ದಿ ಕೊಡಾಂಗಿಲ್ಲ. ಹೈದರಾಬಾದಿನಾಗ ನಾ ಕದಾ ಹಾಕ್ಕೊಂಡ್ರ ಕೇಳಾವ್ರಿಲ್ಲ. ಇಲ್ಲಿ ಮಲಗಬೇಕಂದ್ರ ನಮ್ಮವ್ವ ತಲಿನೋವು ಹುಟ್ಟಸಬೇಕಾತು."

ಬಾಗೇವಾಡಿಗೆ ಮರಳುವ ಬಸ್ಸಿನುದ್ದಕ್ಕೂ ಈ ಮಾತು ತಲೆಯಲ್ಲಿ ಕೊರೆಯುತ್ತಿತ್ತು.

ಸೋಮವಾರ ವ್ಯವಸ್ಥಾಪಕರ ಮುಂದೆ ಕೂತು, ರಿಸರ್ವ್ ಚಾಲಕ ಕಾದ ಹೊತ್ತನ್ನೂ ದುಡಿಮೆಯೆಂದೇ ಹಿಡಿಯಬೇಕು ಎಂದೆ. ಅವರು ಕೆಟ್ಟವರಲ್ಲ. ಫೋನಿನ ಮೇಲೆ ಫೋನು ಬಂದು ರೋಸಿಹೋದ ಮನುಷ್ಯ.

"ಕುಂತಲ್ಲೇ ಕುಂತವಗ ಏನ್ ದಣಿವ್ರೀ ಮೇಡಂ?" ಎಂದರು.

ವಿಮಾನದವರ ನಿಯಮ ಹೇಳಿದೆ.

"ಅದು ವಿಮಾನ ರಿ. ಇದು ಬರೇ ಗಾಡಿ."

"ವಿಮಾನದಾಗ ಇಬ್ಬರು ಕುಂತಿರ್ತಾರ್ರಿ ಸರ್. ಒಬ್ಬಗ ಜೋಂಪು ಹತ್ತಿದ್ರ ಇನ್ನೊಬ್ಬ ಇರ್ತಾನ. ನಮ್ಮ ಸ್ಟೇರಿಂಗ್ ಮುಂದ ಇರಾಂವ ಒಬ್ಬನ."

ಅವರು ನನ್ನ ವರದಿಯನ್ನು ಮತ್ತೊಮ್ಮೆ ಎತ್ತಿ ಓದಿದರು. ಕೊನೆಗೆ ಒಂದು ತಿಂಗಳು ಹಾಗೇ ಮಾಡಿ ನೋಡಿರಿ, ಅವನೂ ಇರಲಿ ಎಂದರು. ಒಂದೇ ಕರಾರು: ಗಾಡಿಯಿಲ್ಲದೆ ಒಂದು ಕರೆಯೂ ಬಿದ್ದುಹೋಗಬಾರದು. "ಬಿತ್ತಂದ್ರ ಅವನೂ ಮನಿಗಿ, ನೀವೂ ಮನಿಗಿ," ಎಂದರು. ನಗುತ್ತಲೇ ಹೇಳಿದರು, ಆದರೆ ತಮಾಷೆಯಾಗಿರಲಿಲ್ಲ.

ಕಚೇರಿಯ ಗೋಡೆಯ ಬಿಳಿ ಹಲಗೆಯ ಮೇಲೆ ಗಾಡಿ ಓಡಿಸಿದ ಹೊತ್ತನ್ನು ಕೆಂಪಿನಲ್ಲಿ, ಕಾದ ಹೊತ್ತನ್ನು ಹಳದಿಯಲ್ಲಿ ಬಳಿದೆ. ದಿನಕ್ಕೆ ಎರಡೂ ಸೇರಿ ಹನ್ನೆರಡು ಗಂಟೆ ದಾಟುವ ಹಾಗಿಲ್ಲ. ವಿಶ್ರಾಂತಿಯಲ್ಲಿರುವವನಿಗೆ ಕಂಟ್ರೋಲ್ ರೂಮಿನವರು ಫೋನ್ ಮಾಡುವ ಹಾಗಿಲ್ಲ, ಏನಿದ್ದರೂ ನನಗೆ. ಚಾಲಕ "ಕಣ್ಣು ಭಾರ ಅದಾವ" ಎಂದರೆ ಸಾಕು, ಯಾಕೆ ಏನು ಎಂದು ಕೇಳದೆ ಗಾಡಿ ನಿಲ್ಲಿಸುತ್ತೇನೆ. ಆಗ ಪಕ್ಕದ ತಾಲ್ಲೂಕಿನ ಗಾಡಿ ತನ್ನ ಊರು ಬಿಟ್ಟು ನಡುದಾರಿಗೆ ಬಂದು ನಿಂತು ಎರಡೂ ಕಡೆ ನೋಡಿಕೊಳ್ಳಬೇಕು. ಮುದ್ದೇಬಿಹಾಳಕ್ಕೆ ಬಾಗೇವಾಡಿಯ ಗಾಡಿ, ಸಿಂದಗಿಗೆ ಇಂಡಿಯ ಗಾಡಿ.

ಹದಿನೈದು ದಿನ ಕಳೆದರೂ ಒಬ್ಬನೂ ಆ ಮಾತು ಆಡಲಿಲ್ಲ. ಇಂಡಿಯ ಹಿರಿಯ ಚಾಲಕನಂತೂ, "ನಿದ್ದಿ ಬಂತು ಅಂತ ಹೇಳಾಕ ನಾವೇನ್ ಕೂಸೇನ್ರಿ?" ಎಂದು ಮೀಸೆ ತಿರುವಿದ. ಹಲಗೆಯ ಮೇಲೆ ರಿಸರ್ವ್ ಚಾಲಕನ ಬಿಡುವಿನ ಬಿಳಿ ಭಾಗ ಅಗಲವಾಗಿತ್ತು, ಅವನ ಕಣ್ಣು ಮಾತ್ರ ಮೊದಲಿನಷ್ಟೇ ಕೆಂಪಗಿದ್ದವು. ಬಿಡುವು ಹೆಚ್ಚಿದಷ್ಟೂ ಅತ್ತೆಮನೆಯ ಉಪಚಾರವೂ ಹೆಚ್ಚಿತ್ತು. ನಾನೇ ಮುದ್ದೇಬಿಹಾಳಕ್ಕೆ ಹೋದೆ.

ಅವನ ಅತ್ತೆ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದರು. ಅಳಿಯನ ಮೇಲಧಿಕಾರಿ ಬಂದಳೆಂದು ಗಡಿಬಿಡಿಯಿಂದ ಎದ್ದು ಚಾಪೆ ಹಾಸಿದರು. ಚಹಾ ಬಂತು, ಚೂಡಾ ಬಂತು, ಊಟಕ್ಕೆ ಏಳಿರಿ ಎಂಬ ಒತ್ತಾಯವೂ ಬಂತು. ಅಳಿಯ ಆಗ ಮಾವನ ಜೊತೆ ಹೊಲಕ್ಕೆ ಹೋಗಿದ್ದ, ರಾತ್ರಿಪಾಳಿ ಮುಗಿಸಿ ಬಂದವನು! ನಾನು ವಿಷಯ ತೆಗೆದ ಕೂಡಲೆ ಆ ತಾಯಿಯ ಮುಖ ಸಣ್ಣಗಾಯಿತು.

"ನಮ್ಮ ಮನ್ಯಾಗ ಅಳಿಯಾರ್ಗೆ ಏನ್ ಕಡಿಮಿ ಆಗೈತ್ರಿ ಅಕ್ಕಾರ?"

"ಕಡಿಮಿ ಆಗಿಲ್ಲವ್ವಾ, ಹೆಚ್ಚಾಗೈತಿ," ಎಂದೆ. ಬಂಪರಿನಲ್ಲಿ ಸಿಕ್ಕ ತೊಗರಿ ಗಿಡದ ಸಂಗತಿ ಹೇಳಿದೆ. ಅವನು ಮನೆಯಲ್ಲಿ ಬಾಯಿ ಬಿಟ್ಟಿರಲಿಲ್ಲ. ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡರು.

ಗೋಡೆಗೆ ಒರಗಿ ಕೂತಿದ್ದ ಮಗಳು, ಚಾಲಕನ ಹೆಂಡತಿ, ನಡುವೆ ಬಾಯಿ ಹಾಕಿದಳು. "ಅವ್ವಾ, ಅವ್ರು ಉಣ್ಣೂಮುಂದ ತುತ್ತು ಕೈಯಾಗ ಹಿಡಕೊಂಡೇ ಕಣ್ಣು ಮುಚ್ಚತಾರ. ನಾ ನೋಡೀನಿ. ಹೇಳಿದ್ರ ನಿನಗ ಬ್ಯಾಸರಾಗತೈತಿ ಅಂತ ಸುಮ್ನಿದ್ದೆ."

"ನಾಳಿ ನಿಮ್ಮ ಮಗಳನ್ನ ಒಯ್ಯಾಕ ಬರೂದೂ ಇದ ಗಾಡಿ," ಎಂದೆ. ಕಟುವಾಗಿಯೇ ಹೇಳಿದೆ. ಬೇರೆ ದಾರಿ ನನಗೆ ಹೊಳೆಯಲಿಲ್ಲ.

ಅತ್ತೆ ಎದ್ದು ಒಳಗೆ ಹೋದರು. ಸಿಟ್ಟಾದರು ಎಂದುಕೊಂಡೆ. ಒಳಗಿನಿಂದ ಏನನ್ನೋ ಎಳೆದಾಡುವ ಸದ್ದು ಬಂತು. ಹೋಗಿ ನೋಡಿದರೆ ಜೋಳದ ಚೀಲ ಇಡುವ ಖೋಲಿಯನ್ನು ಖಾಲಿ ಮಾಡುತ್ತಿದ್ದರು. ಮಣ್ಣಿನ ದಪ್ಪ ಗೋಡೆ, ಕಿಟಕಿಯಿಲ್ಲ, ಹೊರಗಿನ ಬಿಸಿಲು ಅಲ್ಲಿ ತಿಳಿಯುತ್ತಿರಲಿಲ್ಲ. ನೆಲ ಗುಡಿಸಿ, ಎರಡು ಕೌದಿ ಹಾಸಿ, ಹೊಲದಿಂದ ಆಗಷ್ಟೇ ಬಂದ ಗಂಡನ ಕಡೆ ತಿರುಗಿ, "ಇನ್ನ ಮ್ಯಾಲ ಅಳಿಯಾರ್ನ ಬೋರ್ ನೋಡಾಕ ಕರೀಬ್ಯಾಡ್ರಿ. ಅದು ಎಲ್ಲೂ ಓಡಿ ಹೋಗೂದಿಲ್ಲ," ಎಂದರು.

ಮುಂದಿನ ವಾರ ರಿಸರ್ವ್ ಚಾಲಕ ಸಿಂದಗಿಯಿಂದ ಫೋನ್ ಮಾಡಿ, ನಾಚಿಕೊಂಡು, ಅರ್ಧ ಮಾತು ನುಂಗಿ "ಕಣ್ಣು ಭಾರ ಅದಾವ್ರಿ" ಎಂದ. ಗಾಡಿ ನಿಲ್ಲಿಸಿದೆ. ಆಕಾಶ ಕಳಚಿ ಬೀಳಲಿಲ್ಲ. ಒಬ್ಬ ಹೇಳಿದ ಮೇಲೆ ಉಳಿದವರ ಬಿಗುಮಾನವೂ ಸಡಿಲಾಯಿತು. ಮೀಸೆ ತಿರುವಿದ್ದ ಇಂಡಿಯವನು ತನಗಲ್ಲ, ತನ್ನ ಕಣ್ಣಿಗೆ ಏನೋ ಆಗಿದೆ ಎಂಬ ಧಾಟಿಯಲ್ಲಿ ಹೇಳಿದ. ನನಗೆ ಅಷ್ಟು ಸಾಕಾಗಿತ್ತು.

ತಿಂಗಳು ಮುಗಿಯಲು ಇನ್ನೇನು ಎರಡು ದಿನ ಇದ್ದಾಗ ಪರೀಕ್ಷೆ ಬಂತು. ರಿಸರ್ವ್ ಚಾಲಕ ಮುದ್ದೇಬಿಹಾಳದಲ್ಲಿ ರಾತ್ರಿಪಾಳಿ ಮಾಡಿದ್ದ. ಒಂದರ ಹಿಂದೊಂದು ಕರೆ, ರೆಪ್ಪೆ ಹಚ್ಚಿರಲಿಲ್ಲ. ಬೆಳಗಿನ ಪಾಳಿಯವನಿಗೆ ಜ್ವರ. ರಿಸರ್ವ್ ಚಾಲಕನ ಹನ್ನೆರಡು ಗಂಟೆ ತುಂಬಿತ್ತು, ಅವನೂ ತಾನಾಗಿಯೇ ಕಣ್ಣು ಭಾರ ಎಂದ. ಗಾಡಿಯನ್ನು ತಾಲ್ಲೂಕು ಆಸ್ಪತ್ರೆಯ ಮುಂದೆ ನಿಲ್ಲಿಸಿ ಮನೆಗೆ ಹೋಗು ಎಂದೆ, ಬಾಗೇವಾಡಿಯ ಗಾಡಿಯನ್ನು ನಡುದಾರಿಯ ಢವಳಗಿಗೆ ಕಳಿಸಿದೆ. ಅವನು ಮನೆ ಮುಟ್ಟುವಷ್ಟರಲ್ಲಿ ಹೆಂಡತಿಗೆ ನೋವು ಶುರುವಾಗಿತ್ತು. ಆಟೋದಲ್ಲಿ ಆಸ್ಪತ್ರೆಗೆ ಕರೆತಂದರೆ, ರಕ್ತದೊತ್ತಡ ಏರಿದೆ, ವಿಜಯಪುರಕ್ಕೆ ಒಯ್ಯಿರಿ ಎಂದು ಡಾಕ್ಟರು ಹೇಳಿದರು.

ನನಗೆ ಫೋನ್ ಬಂತು. "ಅಕ್ಕಾರ, ಗಾಡಿ ಕಣ್ಣ ಮುಂದ ನಿಂತೈತಿ. ಕೀಲಿ ನನ್ನ ಕಿಸೆದಾಗೈತಿ. ನಾನ ಹೊಡಕೊಂಡು ಹೋಗ್ತೇನಿ."

"ಬ್ಯಾಡ," ಎಂದೆ.

"ನನ್ನ ಹೆಂಡ್ತಿ ರಿ ಅಕ್ಕಾರ!"

"ಅದಕ್ಕ ಬ್ಯಾಡ ಅನ್ನಾಕತ್ತೇನಿ. ಡಾಕ್ಟರಿಗೆ ಫೋನ್ ಕೊಡು."

ಡಾಕ್ಟರು ರೇಗಿದ್ದರು. ಎದುರಿಗೆ ಗಾಡಿ, ಪಕ್ಕದಲ್ಲೇ ಚಾಲಕ, ಇನ್ನೊಂದು ಗಾಡಿಗೆ ಕಾಯುವುದು ಯಾವ ನ್ಯಾಯ ಎಂದರು. ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಅವನು ಕಣ್ಣು ಮುಚ್ಚಿಲ್ಲ, ಢವಳಗಿಯಿಂದ ಗಾಡಿಯನ್ನು ಈಗಲೇ ಹೊರಡಿಸುತ್ತೇನೆ, ಅರ್ಧ ಗಂಟೆ ತಡೆಯಬಹುದೇ ಎಂದು ಕೇಳಿದೆ. ಇಂಜೆಕ್ಷನ್ ಕೊಟ್ಟಿದ್ದೇನೆ, ಅರ್ಧ ಗಂಟೆ ಪರವಾಗಿಲ್ಲ, ಅದರಾಚೆ ನನ್ನ ಜವಾಬ್ದಾರಿಯಲ್ಲ ಎಂದರು. ಫೋನ್ ಇಟ್ಟವಳೇ ಢವಳಗಿಯ ಗಾಡಿಗೆ ಹೊರಡಲು ಹೇಳಿದೆ. ಆ ಹುಡುಗಿಗೆ ಏನಾದರೂ ಆದರೆ ಅವನ ಮುಖ ಹ್ಯಾಗೆ ನೋಡಲಿ? ಹೆದರಿದ್ದೆ, ಬಹಳ ಹೆದರಿದ್ದೆ. ಆ ಹೊತ್ತಿಗೆ ಯಾರಾದರೂ ನಿಯಮ ಗಿಯಮ ಎಂದಿದ್ದರೆ ಕೈಗೆ ಸಿಕ್ಕಿದ್ದನ್ನು ಎತ್ತಿ ಒಗೆಯುತ್ತಿದ್ದೆ.

ಗಾಡಿ ಮುದ್ದೇಬಿಹಾಳ ಮುಟ್ಟಿತು, ಅವರನ್ನು ಹತ್ತಿಸಿಕೊಂಡು ಹೊರಟಿತು ಎಂದು ಸುದ್ದಿ ಬರುವ ತನಕ ಕೂತಲ್ಲಿ ಕೂಡಲಿಲ್ಲ. ಬಾಗೇವಾಡಿಯ ಕೂಡುರಸ್ತೆಯಲ್ಲಿ ಬಂದು ನಿಂತೆ. ಸೈರನ್ ಕೇಳಿಸಿತು. ನನಗಾಗಿ ಗಾಡಿ ಒಂದು ಕ್ಷಣ ನಿಂತ ಕೂಡಲೆ ಹಿಂದಿನ ಬಾಗಿಲಿನಿಂದ ಹತ್ತಿಕೊಂಡೆ.

ಸ್ಟ್ರೆಚರಿನ ಮೇಲೆ ಅವಳು ಮಲಗಿದ್ದಳು, ಹಣೆಯ ತುಂಬ ಬೆವರು. ನರ್ಸ್ ಅವಳ ತೋಳಿಗೆ ಬಿಪಿ ಪಟ್ಟಿ ಕಟ್ಟುತ್ತಿದ್ದಳು. ಪಕ್ಕದ ಬೆಂಚಿನ ಮೇಲೆ ಗಂಡ, ಅವಳ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ. ಕುತ್ತಿಗೆ ವಾಲಿತ್ತು. ಬಾಯಿ ತೆರೆದಿತ್ತು. ಸೈರನ್ ತಲೆಯ ಮೇಲೆ ಒದರುತ್ತಿದ್ದರೂ, ಹೆಂಡತಿ ಪಕ್ಕದಲ್ಲಿ ನರಳುತ್ತಿದ್ದರೂ ಅವನು ಗಾಢ ನಿದ್ದೆಯಲ್ಲಿದ್ದ. ಊರು ಬಿಟ್ಟು ಸ್ವಲ್ಪ ಹೊತ್ತಿಗೇ ಹೀಗಾದನಂತೆ. ನಾನು ಭುಜಕ್ಕೆ ಕೈ ಹಾಕಲು ಹೋದೆ.

"ಎಬ್ಬಿಸಬ್ಯಾಡ್ರಿ ಅಕ್ಕಾರ," ಎಂದಳು ಅವಳು. ನೋವಿನ ನಡುವೆಯೂ ಅವನನ್ನು ನೋಡಿ ಸಣ್ಣಗೆ ನಕ್ಕಳು. "ಈಗರ ಮಲಗ್ಯಾರ."

ನನಗೆ ಅಲ್ಲಿಯೇ ಅಳು ಬಂತು. ಈ ಮನುಷ್ಯ ಈಗ ಸ್ಟೇರಿಂಗ್ ಹಿಡಿದಿದ್ದರೆ ಎಂದು ಯೋಚಿಸಲೂ ಧೈರ್ಯವಾಗಲಿಲ್ಲ.

ವಿಜಯಪುರದಲ್ಲಿ ಆಪರೇಷನ್ ಆಯಿತು. ಹೆಣ್ಣು ಕೂಸು, ತಾಯಿಯೂ ಕ್ಷೇಮ. ಸಂಜೆ ವ್ಯವಸ್ಥಾಪಕರು ಫೋನ್ ಮಾಡಿ, ಕರೆ ಏನಾದರೂ ಬಿತ್ತೇ ಎಂದು ಕೇಳಿದರು. ಇಲ್ಲ ಎಂದೆ, ನಡೆದದ್ದನ್ನೂ ಹೇಳಿದೆ. ಕೂಸು ಹ್ಯಾಗಿದೆ ಎಂದು ಕೇಳಿದರು. "ಅಡ್ಡಿಯಿಲ್ಲ, ಇದನ್ನ ಹಿಂಗ ಮುಂದುವರಸ್ರಿ," ಎಂದರು. ಈಗ ನಾಲ್ಕು ಊರಿಗೆ ಇಬ್ಬರು ರಿಸರ್ವ್ ಚಾಲಕರಿದ್ದಾರೆ. ಮಲಗಲು ಪ್ರತಿ ಊರಿನಲ್ಲಿ ಒಂದು ಕೋಣೆ ಬೇಕು ಎಂದು ಕೇಳಿದ್ದೇನೆ, ಅದು ಇನ್ನೂ ಸಿಕ್ಕಿಲ್ಲ. ಜಗಳ ನಡೆದಿದೆ.

ಕೂಸು ಮುದ್ದೇಬಿಹಾಳದ ಮನೆಗೆ ಬಂದ ಮೇಲೆ ಒಂದು ಮಧ್ಯಾಹ್ನ ನೋಡಲು ಹೋದೆ. ಜೊತೆಗೆ ಕೂಸಿನ ತಲೆಗೆ ಹಾಕುವ ಒಂದು ಕುಂಚಿಗೆ ಒಯ್ದಿದ್ದೆ. ಅತ್ತೆ ಹೊಸ್ತಿಲಲ್ಲೇ ಕೂತು ಕಾಳು ಹಸನು ಮಾಡುತ್ತಿದ್ದರು. ನನ್ನನ್ನು ಕಂಡರೂ ಏಳಲಿಲ್ಲ, ಚಾಪೆ ಹಾಸಲಿಲ್ಲ. ತುಟಿಯ ಮೇಲೆ ಬೆರಳಿಟ್ಟರು.

"ತಂದಿ ಮಗಳು ಇಬ್ಬರೂ ಮಲಗ್ಯಾರ. ಹೊತ್ತು ಮುಣಗಿದ ಮ್ಯಾಲ ಬರ್ರಿ."

ಎದುರು ಮನೆಯ ಮುದುಕಿಗೆ ಇದು ಕೇಳಿಸಿತು. ಅಲ್ಲಿಂದಲೇ ಕೂಗಿದಳು, "ಹೊತ್ತು ನೆತ್ತಿ ಮ್ಯಾಲೈತಿ, ಅಳಿಯಾ ಇನ್ನೂ ಮಲಗ್ಯಾನೇನ? ಏನರ ಸಿಟ್ಟಾಗ್ಯಾನೇನ?"

"ಸಿಟ್ಟಿಲ್ಲ ಏನಿಲ್ಲ," ಎಂದರು ಅತ್ತೆ, ಮೊರದಿಂದ ತಲೆಯೆತ್ತದೆ. "ಡ್ಯೂಟಿ ಮ್ಯಾಲ ಅದಾರ."

ನಾನು ಚಪ್ಪಲಿ ಕೈಯಲ್ಲಿ ಹಿಡಿದು, ಸದ್ದಾಗದ ಹಾಗೆ ಅಂಗಳ ದಾಟಿ ಹೊರಬಂದೆ.